ಬಸ್ ಟಿಕೆಟ್ ಬುಕ್ ಮಾಡುವಾಗ ಕೊನೆಯ ಪುಟ ಸರಿಯಾಗಿ ನೋಡಿ

ಹಬ್ಬಕ್ಕೆ ಊರಿಗೆ ಹೊರಟವರೇ, ಹಣ ಕಟ್ಟುವ ಮೊದಲು ಒಂದು ನಿಮಿಷ ನಿಲ್ಲಿ. ಮೊನ್ನೆ ಒಂದು ಆ್ಯಪ್‌ನಲ್ಲಿ ಹುಬ್ಬಳ್ಳಿಗೆ ಮೂರು ಸೀಟು ಬುಕ್ ಮಾಡಿದೆ. ಬಿಲ್ ನೋಡಿದರೆ ಲೆಕ್ಕಕ್ಕಿಂತ ಜಾಸ್ತಿ. ಇನ್ಶೂರೆನ್ಸ್, ದೇಣಿಗೆ ಎರಡಕ್ಕೂ ಮೊದಲೇ ಟಿಕ್ ಹಾಕಿಟ್ಟಿದ್ದರು. ಅದನ್ನು ತೆಗೆಯುವ ಜಾಗ ಎಲ್ಲೋ ಕೆಳಗೆ, ಸಣ್ಣ ಬೂದು ಅಕ್ಷರದಲ್ಲಿ. ನಮ್ಮ ಅಮ್ಮನಂಥವರಿಗೆ ಅದು ಹೇಗೆ ಕಾಣಬೇಕು ಹೇಳಿ?

ಇದು ನಿಯಮಕ್ಕೇ ವಿರುದ್ಧ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು, ಅಂದರೆ ಆ್ಯಪ್, ವೆಬ್‌ಸೈಟ್‌ಗಳಲ್ಲಿ ಗ್ರಾಹಕರನ್ನು ಯಾಮಾರಿಸುವ ತಂತ್ರಗಳನ್ನು, ಪಟ್ಟಿ ಮಾಡಿ ನಿಷೇಧಿಸಿದೆ. ಕೇಳದೆ ಬಿಲ್‌ಗೆ ಏನಾದರೂ ಸೇರಿಸುವುದೂ ಅದರಲ್ಲಿದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

2025ರ ಜನವರಿಯಲ್ಲಿ ಸರ್ಕಾರಿ ಬಸ್ ದರ 15% ಏರಿತು. ಯಾವ ಪಕ್ಷದ ತಪ್ಪು ಅಂತ ನಾವಿನ್ನೂ ಜಗಳ ಆಡುತ್ತಿದ್ದೇವೆ. ಆದರೆ ಸಿಗುವ ರಿಯಾಯಿತಿ ಎಷ್ಟೋ ಜನರಿಗೆ ಗೊತ್ತೇ ಇಲ್ಲ, ಅದೇ ಬೇಜಾರು. ಕೆಎಸ್‌ಆರ್‌ಟಿಸಿಯಲ್ಲಿ ನಾಲ್ಕು ಅಥವಾ ಹೆಚ್ಚು ಜನಕ್ಕೆ ಒಂದೇ ಟಿಕೆಟ್ ಮಾಡಿಸಿದರೆ 5% ಕಡಿಮೆ. ಹೋಗಿ ಬರುವ ಟಿಕೆಟ್ ಒಟ್ಟಿಗೆ ತೆಗೆದರೆ ವಾಪಸ್ ಪ್ರಯಾಣಕ್ಕೆ 10% ಬಿಡುತ್ತಾರೆ. ಅಕ್ಕಪಕ್ಕದ ಮನೆಯವರು ಒಂದೇ ಬಸ್ಸಿಗೆ ಹೊರಟಿದ್ದರೆ ಸೇರಿ ಬುಕ್ ಮಾಡಿ.