ಫ್ಯೂಯಲ್ ಪ್ರೆಶರ್ ಮುಳ್ಳು ಕುಣಿದಾಗ ನಾನು ಹುಡುಕಿದ್ದೆಲ್ಲಿ, ತಪ್ಪು ಸಿಕ್ಕಿದ್ದೆಲ್ಲಿ

ನನ್ನದು ಎರಡು ಸೀಟಿನ ಪುಟ್ಟ ವಿಮಾನ, ನಾನೇ ಜೋಡಿಸಿದ್ದು. ಎಂಜಿನ್ ರೋಟಾಕ್ಸ್ 912 ಯುಎಲ್‌ಎಸ್. ಫ್ಯೂಯಲ್ ಪ್ರೆಶರ್, ಅಂದರೆ ಎಂಜಿನ್ನಿಗೆ ಹೋಗುವ ಪೆಟ್ರೋಲಿನ ಒತ್ತಡ, ಯಾವಾಗಲೂ 4.5 ಪಿಎಸ್‌ಐ (ಒತ್ತಡದ ಅಳತೆ) ಹತ್ತಿರ ತಣ್ಣಗೆ ಕೂತಿರುತ್ತಿತ್ತು. ನನ್ನ ಪಂಪಿಗೆ ಕನಿಷ್ಠ 2.2, ಗರಿಷ್ಠ 5.8. ಒಂದು ದಿನ ಮೇಲಿದ್ದಾಗ ಮುಳ್ಳು ಇದ್ದಕ್ಕಿದ್ದಂತೆ 6.5ಕ್ಕೆ ಹಾರಿತು, ವಾಪಸ್ 4.5ಕ್ಕೆ ಬಂತು, ಮತ್ತೆ 7. ಎಂಜಿನ್ ಮಾತ್ರ ಏನೂ ಆಗದ ಹಾಗೆ ಓಡುತ್ತಿತ್ತು. ಹಾಗಂತ ಗೇಜ್ ಸುಳ್ಳು ಹೇಳ್ತಿದೆ ಅಂತ ಗಾಳಿಯಲ್ಲೇ ತೀರ್ಮಾನ ಮಾಡೋಕಾಗಲ್ಲ ಅಲ್ವಾ? ಒತ್ತಡ ನಿಜವಾಗಿಯೂ ಅಷ್ಟು ಏರಿದ್ದರೆ ಕಾರ್ಬ್ಯುರೇಟರಿಗೆ ಬೇಕಾದಷ್ಟೇ ಪೆಟ್ರೋಲ್ ಬಿಡುವ ಫ್ಲೋಟ್ ವಾಲ್ವ್ ತಡೆಯಲಾರದೆ ಪೆಟ್ರೋಲ್ ಉಕ್ಕಬಹುದು, ಅದೂ ಬಿಸಿ ಎಕ್ಸಾಸ್ಟ್ ಇರುವ ಜಾಗದಲ್ಲಿ. ಇಳಿದುಬಿಟ್ಟೆ.

ಆಮೇಲೆ ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಅಳೆಯುವ ಮೊದಲೇ ಬಿಚ್ಚಲು ಶುರು ಮಾಡಿದೆ. ಫಿಲ್ಟರ್ ತೊಳೆದೆ, ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಲೈನ್ ಊದಿ ನೋಡಿದೆ, ಕೊನೆಗೆ ಒತ್ತಡ ಅಳೆದು ಗೇಜಿಗೆ ಹೇಳುವ ಸೆನ್ಸರನ್ನೇ ಬದಲಾಯಿಸಿದೆ. ಹೊಸದು ಹಾಕಿದ ಮೇಲೆ ಕುಣಿತ ಇನ್ನೂ ಜಾಸ್ತಿಯಾಯಿತು! ಕಾರಣ ಆಮೇಲೆ ಗೊತ್ತಾಯಿತು: ಸೋರಬಾರದು ಅಂತ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿದ್ದೆ. ನನ್ನ ಸೆನ್ಸರಿಗೆ ಒಂದೇ ವೈರು, ಅರ್ಥಿಂಗ್ ಆಗುವುದು ಅದರ ಮೈಯಿಂದಲೇ. ಟೇಪ್ ಅದಕ್ಕೆ ಅಡ್ಡ ಬಂದಿತ್ತು. ಅಲ್ಲದೆ ಅದರ ಎಳೆ ಕಿತ್ತು ಬಂದರೆ ಸೀದಾ ಕಾರ್ಬ್ಯುರೇಟರಿನ ಜೆಟ್‌ಗೆ (ಪೆಟ್ರೋಲ್ ಹಾಯುವ ಸಣ್ಣ ತೂತು) ಹೋಗಿ ಕೂರುತ್ತದೆ, ಪೆಟ್ರೋಲ್ ಲೈನಿಗೆ ಅದನ್ನು ಬಳಸಲೇಬಾರದಿತ್ತು.

ಕೊನೆಗೆ ಬುದ್ಧಿ ಬಂತು. ಲೈನಿಗೆ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ, ವೈರೇ ಇಲ್ಲದ ಸಾದಾ ಮೆಕ್ಯಾನಿಕಲ್ ಗೇಜ್ ಕೂರಿಸಿದೆ. ಚಕ್ರಕ್ಕೆ ಅಡ್ಡಗಟ್ಟೆ, ಬಾಲಕ್ಕೆ ಹಗ್ಗ, ಒಳಗೆ ಬ್ರೇಕ್ ಹಿಡಿದು ಒಬ್ಬ ಗೆಳೆಯ. ಗೇಜನ್ನು ಪ್ರೊಪೆಲ್ಲರಿನಿಂದ ದೂರಕ್ಕೆ, ಗಾಜಿನ ಹೊರಗೆ ಕಾಣುವ ಹಾಗೆ ಕಟ್ಟಿದ್ದೆ. ಎಂಜಿನ್ ಓಡಿಸಿದರೆ ಅದು 4.4ರಲ್ಲಿ ಸಣ್ಣಗೆ ನಡುಗುತ್ತಾ ನಿಂತಿತು. ಒಳಗಿನ ಮುಳ್ಳು ಮಾತ್ರ 5ರಿಂದ 7ರ ನಡುವೆ ಜಿಗಿಯುತ್ತಿತ್ತು. ಅಂದರೆ ಪೆಟ್ರೋಲ್ ಕಡೆ ಏನೂ ಕೆಟ್ಟಿಲ್ಲ.

ಆಗಲೇ ಗೆಳೆಯ ಒಂದು ವಿಷಯ ಗಮನಿಸಿದ. ಸ್ಟ್ರೋಬ್ ಲೈಟ್ ಪ್ರತಿ ಸಲ ಮಿಂಚಿದಾಗ ಮುಳ್ಳು ತಾಳ ಹಾಕಿದ ಹಾಗೆ ಹಾರುತ್ತಿತ್ತು. ಲೈಟ್ ಆರಿಸಿದರೆ ಅರ್ಧ ಕುಣಿತ ನಿಂತಿತು. ಬೂಸ್ಟ್ ಪಂಪ್ (ಕರೆಂಟಿನಲ್ಲಿ ಓಡುವ ಹೆಚ್ಚುವರಿ ಪೆಟ್ರೋಲ್ ಪಂಪ್) ಹಾಕಿದರೆ ಒಂದೇ ಏಟಿಗೆ ಒಂದೂವರೆ ಪಿಎಸ್‌ಐ ಮೇಲೆ.

ಎಂಜಿನ್ ನಿಲ್ಲಿಸಿ ಸೆನ್ಸರಿನ ಮೈಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರ್ ಹಿಡಿದೆ. ಎಲ್ಲ ಸ್ವಿಚ್ ಆಫ್ ಇದ್ದಾಗ ಓಮ್ ಲೆಕ್ಕದಲ್ಲಿ ಪರವಾಗಿಲ್ಲ ಅನ್ನಿಸಿತು, ನಾನು ಮತ್ತೆ ಮೋಸ ಹೋಗುವವನಿದ್ದೆ. ಮೀಟರನ್ನು ವೋಲ್ಟ್‌ಗೆ ತಿರುಗಿಸಿ ಬೂಸ್ಟ್ ಪಂಪ್ ಹಾಕಿದಾಗ 0.4 ವೋಲ್ಟ್ ಕಂಡಿತು! ಅಲ್ಲಿ ಬರೀ ಕೆಲವು ಮಿಲಿವೋಲ್ಟ್ ಇರಬೇಕಿತ್ತು. ಸೆನ್ಸರ್, ಪಂಪ್, ಸ್ಟ್ರೋಬ್ ಮೂರರ ಅರ್ಥಿಂಗೂ ಫೈರ್‌ವಾಲಿನ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಒಂದೇ ಬೋಲ್ಟಿಗೆ ಹೋಗಿತ್ತು, ಆ ಬೋಲ್ಟಿನ ಕೆಳಗೆ ನಾನೇ ಬಳಿದ ಬಣ್ಣ, ಅದರ ಪಕ್ಕ ಬಿಳಿ ಪುಡಿ. ನನ್ನ ಸೆನ್ಸರ್ 0ಯಿಂದ 30 ಪಿಎಸ್‌ಐಗೆ 10ರಿಂದ 180 ಓಮ್ ತೋರಿಸುವಂಥದ್ದು, ಅಂದರೆ ದಾರಿಯಲ್ಲಿ ಸುಮ್ನೆ ಆರು ಓಮ್ ಸೇರಿಕೊಂಡರೂ ಗೇಜಿಗೆ ಅದು ಒಂದು ಪಿಎಸ್‌ಐ ಹೆಚ್ಚು ಒತ್ತಡ. ಮೇಲಿಂದ ಪಂಪಿನ ಕರೆಂಟ್ ಬೇರೆ ಅದೇ ಬೋಲ್ಟಿನ ಮೂಲಕ ಹರಿಯುತ್ತಿತ್ತು.

ಬಣ್ಣ ಕೆರೆದೆ. ಸೆನ್ಸರಿನ ಮೈಯಿಂದ ಗೇಜಿನ ಅರ್ಥಿಂಗ್‌ಗೆ ಸೀದಾ ಬೇರೆ ವೈರ್ ಎಳೆದೆ, ಪಂಪ್ ಮತ್ತು ಸ್ಟ್ರೋಬ್ ಎರಡನ್ನೂ ಅಲ್ಲಿಂದ ಎಬ್ಬಿಸಿದೆ. ಟೇಪ್ ತೆಗೆದು ಪೆಟ್ರೋಲಿಗೆ ತಾಳುವ ಸೀಲೆಂಟ್ ಹಾಕಿ, ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಉಳಿದ ಸಣ್ಣ ನಡುಕ ಮೆಕ್ಯಾನಿಕಲ್ ಪಂಪಿನ ಡಯಾಫ್ರಮ್ ಬಡಿತದ್ದು. ಸೆನ್ಸರಿಗೆ ಹೋಗುವ ಕವಲಿನಲ್ಲಿ ಮಾತ್ರ ಸಣ್ಣ ತೂತಿನ ರಿಸ್ಟ್ರಿಕ್ಟರ್ ಹಾಕಿದ ಮೇಲೆ ಅದೂ ಅಡಗಿತು.

ಕಿತ್ತುಹಾಕಿದ ಹಳೆಯ ಸೆನ್ಸರನ್ನು ಆಮೇಲೆ ಮೇಜಿನ ಮೇಲಿಟ್ಟು ಗಾಳಿ ಒತ್ತಿ ಓಮ್ ನೋಡಿದೆ. ಅದಕ್ಕೇನೂ ಆಗಿರಲಿಲ್ಲ.