ಕೊರಿಯಾಕ್ಕೆ ಹೊಸದಾಗಿ ಬಂದವರು ಮೊದಲು ಕಲಿಯಬೇಕಾದ ಮೊಟ್ಟೆ ಅನ್ನ

ಸುವಾನ್, ಹ್ವಾಸಾಂಗ್ ಕಡೆ ಕೆಲಸಕ್ಕೆ ಬರುವವರಿರಲಿ, ಡೇಜಾನ್‌ನಲ್ಲಿ ಓದಲು ಬರುವವರಿರಲಿ, ಬಂದಿಳಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: ಸೋನಾ ಮಸೂರಿ ಎಲ್ಲಿ ಸಿಗುತ್ತದೆ? ಸಿಗುತ್ತದೆ. ಸೋಲ್‌ನ ಇಟೆವಾನ್‌ನಲ್ಲಿ ಮಸೀದಿಯ ಸುತ್ತಮುತ್ತ ಅಂಗಡಿಗಳಿವೆ, ಅನ್ಸಾನ್‌ನಲ್ಲಿವೆ, ಆನ್‌ಲೈನ್‌ನಲ್ಲೂ ತರಿಸಬಹುದು. ಆದರೆ ಮೊದಲ ವಾರವೇ ಅದರ ಹಿಂದೆ ಬೀಳಬೇಡಿ. ನಿಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ಸಿಗುವ ಅಕ್ಕಿ, ಮೊಟ್ಟೆ, ಸೋಯಾ ಸಾಸ್ ಮತ್ತು ಎಳ್ಳೆಣ್ಣೆ ಇಷ್ಟರಲ್ಲೇ ಐದು ನಿಮಿಷಕ್ಕೆ ಹೊಟ್ಟೆ ತುಂಬುವ ಊಟ ಆಗುತ್ತದೆ. ಅದರ ಹೆಸರು ಗಾನ್‌ಜಾಂಗ್ ಗ್ಯೇರಾನ್ ಬಾಪ್. ಇಲ್ಲಿನವರು ಚಿಕ್ಕದಾಗಿ ಗಾನ್‌ಗ್ಯೇಬಾಪ್ ಎನ್ನುತ್ತಾರೆ.

ಇದು ಹೋಟೆಲ್ಲಿನ ತಿಂಡಿಯಲ್ಲ, ಹೆಚ್ಚಿನ ಕಡೆ ಮೆನುವಿನಲ್ಲೂ ಇರುವುದಿಲ್ಲ. ಅಮ್ಮ ಬೆಳಿಗ್ಗೆ ಅವಸರದಲ್ಲಿ ಶಾಲೆಗೆ ಹೋಗುವ ಮಗುವಿಗೆ ಕಲಸಿಕೊಡುವ ಊಟ, ರೂಮು ಮಾಡಿಕೊಂಡು ಒಬ್ಬರೇ ಇರುವ ಹುಡುಗ ಹುಡುಗಿಯರು ರಾತ್ರಿ ಮಾಡಿಕೊಳ್ಳುವ ಊಟ. ನಮ್ಮಲ್ಲಿ ಸಾರು ಮಾಡಲು ಬೇಜಾರಾದ ದಿನ ಬಿಸಿ ಅನ್ನಕ್ಕೆ ಚಟ್ನಿಪುಡಿ, ಎಣ್ಣೆ ಹಾಕಿ ಕಲಸುತ್ತೇವಲ್ಲ, ಇದಕ್ಕೂ ಅದೇ ಜಾಗ. ಹಾಗಾಗಿ ಆಫೀಸಿನಲ್ಲಿ ಯಾರನ್ನಾದರೂ ನೀವು ಇದನ್ನು ಹೇಗೆ ಮಾಡುತ್ತೀರಿ ಎಂದು ಕೇಳಿ ನೋಡಿ. ಒಬ್ಬರು ಬೆಣ್ಣೆ ಹಾಕಲೇಬೇಕು ಎನ್ನುತ್ತಾರೆ, ಇನ್ನೊಬ್ಬರು ಬೇಡವೇ ಬೇಡ ಎನ್ನುತ್ತಾರೆ. ಭಾಷೆ ಬರದವರಿಗೂ ಮಾತು ಶುರು ಮಾಡಲು ಇಷ್ಟು ಸಾಕು.

ಮೊದಲು ಅನ್ನದ ವಿಷಯ. ಇಲ್ಲಿನ ಅಕ್ಕಿ ಗಿಡ್ಡ, ದುಂಡು, ಬೆಂದಾಗ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನಮ್ಮ ಅಕ್ಕಿಯ ಲೆಕ್ಕದಲ್ಲಿ ಒಂದು ಲೋಟಕ್ಕೆ ಎರಡೂವರೆ ಲೋಟ ನೀರು ಹಾಕಿದರೆ ಮುದ್ದೆಯಾಗುತ್ತದೆ. ಮೂರು ನಾಲ್ಕು ಸಲ ತೊಳೆದು, ಅರ್ಧ ಗಂಟೆ ನೆನೆಸಿ, ಅಕ್ಕಿಯಷ್ಟೇ ನೀರು ಅಥವಾ ಒಂಚೂರು ಜಾಸ್ತಿ ಹಾಕಿದರೆ ಸಾಕು. ಇಲ್ಲಿನ ರೈಸ್ ಕುಕ್ಕರ್‌ನ ಒಳಪಾತ್ರೆಯಲ್ಲಿ ಗೆರೆಗಳಿರುತ್ತವೆ. ಬಿಳಿ ಅಕ್ಕಿಗೆ ಬೇಕ್‌ಮಿ ಎಂದು ಬರೆದ ಗೆರೆ ನೋಡಿಕೊಳ್ಳಿ. ಅಂಟಿನ ಅನ್ನ ಸಾರಿಗೆ ಸರಿಹೋಗುವುದಿಲ್ಲ ಎಂದು ಹಲವರು ದೂರುತ್ತಾರೆ, ಅದು ನಿಜವೇ. ಆದರೆ ಈ ಊಟಕ್ಕೆ ಅದೇ ಅಕ್ಕಿ ಬೇಕು. ಉದುರು ಅನ್ನಕ್ಕೆ ಸಾಸ್ ಹಾಕಿದರೆ ತಳಕ್ಕೆ ಇಳಿದುಬಿಡುತ್ತದೆ, ಅಂಟಿನ ಅನ್ನ ಸಾಸ್ ಮತ್ತು ಮೊಟ್ಟೆಯ ಹಳದಿಯನ್ನು ಹಿಡಿದುಕೊಳ್ಳುತ್ತದೆ.

ಕುಕ್ಕರ್ ಇನ್ನೂ ತೆಗೆದುಕೊಂಡಿಲ್ಲವೇ? ಹೆಟ್‌ಬಾನ್ ತನ್ನಿ. ಸಿಜೆ ಕಂಪನಿ 1996ರಲ್ಲಿ ಮಾರುಕಟ್ಟೆಗೆ ತಂದ ಈ ಬೆಂದ ಅನ್ನದ ಡಬ್ಬಿ ಈಗ ಮೂಲೆ ಮೂಲೆಯ ಅಂಗಡಿಯಲ್ಲೂ ಇರುತ್ತದೆ. ಒಂದು ಡಬ್ಬಿಯಲ್ಲಿ 210 ಗ್ರಾಂ. ಮೇಲಿನ ಹಾಳೆಯನ್ನು ಗುರುತಿನವರೆಗೆ ಬಿಡಿಸಿ ಮೈಕ್ರೊವೇವ್‌ನಲ್ಲಿ 2 ನಿಮಿಷ ಇಟ್ಟರೆ ಆಯಿತು. ದಿನಾ ಇದನ್ನೇ ತಿಂದರೆ ದುಬಾರಿ. ಆದ್ದರಿಂದ ಕುಕ್ಕರ್ ಬಂದ ಮೇಲೆ ಇಲ್ಲಿನವರ ಹಾಗೆ ಮಾಡಿ: ಭಾನುವಾರ ಜಾಸ್ತಿ ಅನ್ನ ಮಾಡಿ, ಬಿಸಿ ಇರುವಾಗಲೇ ಒಂದೊಂದು ಊಟಕ್ಕಾಗುವಷ್ಟು ಮುಚ್ಚಳದ ಡಬ್ಬಿಗೆ ತುಂಬಿ, ಆವಿ ಇಳಿದ ಮೇಲೆ ಫ್ರೀಜರ್‌ಗೆ ಹಾಕಿ. ರಾತ್ರಿ ಹತ್ತಕ್ಕೆ ಮನೆಗೆ ಬಂದಾಗ ಮೈಕ್ರೊವೇವ್‌ನಲ್ಲಿ ಬಿಸಿ ಮಾಡಿದರೆ ಆಗ ತಾನೇ ಮಾಡಿದ ಹಾಗಿರುತ್ತದೆ. ಫ್ರಿಜ್‌ನ ಕೆಳಗಿನ ಅರೆಯಲ್ಲಿಟ್ಟರೆ ಮಾತ್ರ ಕಲ್ಲಾಗುತ್ತದೆ.

ಸೋಯಾ ಸಾಸ್, ಅಂದರೆ ಗಾನ್‌ಜಾಂಗ್, ಕೊಳ್ಳುವಾಗ ಹೊಸಬರು ಹೆಚ್ಚು ಎಡವುತ್ತಾರೆ. ಅಂಗಡಿಯ ಒಂದು ಸಾಲಿಡೀ ಅದೇ ಬಾಟಲಿಗಳು, ಎಲ್ಲವೂ ಕಪ್ಪಗೆ ಕಾಣುತ್ತವೆ. ನಿಮಗೆ ಬೇಕಾದದ್ದು ಯಾಂಗ್‌ಜೋ ಗಾನ್‌ಜಾಂಗ್. ಅದು ಪೂರ್ತಿ ಹುದುಗಿಸಿ ಮಾಡಿದ್ದು, ವಾಸನೆ ಚೆನ್ನಾಗಿರುತ್ತದೆ, ಬೇಯಿಸದೆ ಹಾಗೇ ಮೇಲೆ ಹಾಕಿಕೊಳ್ಳಲು ಒಳ್ಳೆಯದು. ಜಿನ್‌ಗಾನ್‌ಜಾಂಗ್ ಆದರೂ ನಡೆಯುತ್ತದೆ. ಬೆಲೆ ಕಡಿಮೆ, ಪಲ್ಯದಂಥವಕ್ಕೆ ಇಲ್ಲಿನವರು ಹೆಚ್ಚು ಬಳಸುವುದು ಅದನ್ನೇ. ಗುಕ್‌ಗಾನ್‌ಜಾಂಗ್ ಮಾತ್ರ ಬೇಡ. ಅದು ಸೂಪಿಗೆ ಹಾಕುವ ಸಾಸ್, ಬಣ್ಣ ತಿಳಿ, ಉಪ್ಪು ಜಾಸ್ತಿ. ಅನ್ನಕ್ಕೆ ಅಷ್ಟೇ ಪ್ರಮಾಣ ಸುರಿದರೆ ಬಾಯಿಗಿಡಲಾಗದು. ಸೆಂಪ್ಯೋ ಹಳೆಯ ಹೆಸರು, 1946ರಿಂದ ಇದೆ. ಮೊದಲ ಬಾಟಲಿಯಾಗಿ ಅದನ್ನು ಧೈರ್ಯವಾಗಿ ಕೊಳ್ಳಬಹುದು. ನಮ್ಮೂರ ಗೋಬಿ ಮಂಚೂರಿಯ ಸಾಸ್ ನೆನಪಿಟ್ಟುಕೊಂಡು ಇದನ್ನು ಅಳೆಯಬೇಡಿ, ಎರಡೂ ಬೇರೆಯೇ. ಗೋಧಿ ಆಗದವರು ಲೇಬಲ್ ನೋಡಲೇಬೇಕು, ಹೆಚ್ಚಿನ ಬಾಟಲಿಗಳಲ್ಲಿ ಗೋಧಿ ಇರುತ್ತದೆ.

ಎಳ್ಳೆಣ್ಣೆಯನ್ನು ಇಲ್ಲಿ ಚಾಮ್‌ಗಿರುಮ್ ಎನ್ನುತ್ತಾರೆ. ಎಳ್ಳನ್ನು ಚೆನ್ನಾಗಿ ಹುರಿದು ಹಿಂಡಿದ ಎಣ್ಣೆ ಇದು, ಬಣ್ಣ ಗಾಢ, ಘಮ ಜೋರು. ನಮ್ಮ ಎಳ್ಳೆಣ್ಣೆಯಂತೆ ಇದರಲ್ಲಿ ಒಗ್ಗರಣೆ ಹಾಕಲು ಹೋಗಬೇಡಿ, ಕಹಿಯಾಗುತ್ತದೆ. ಎಲ್ಲ ಮುಗಿದ ಮೇಲೆ ಅರ್ಧ ಚಮಚ ಮೇಲಿಂದ ಹಾಕುವುದಷ್ಟೇ. ಊರಿನ ಹಳೆಯ ಮಾರುಕಟ್ಟೆಯಲ್ಲಿ ಕಣ್ಣೆದುರೇ ಎಳ್ಳು ಹುರಿದು ಹಿಂಡಿಕೊಡುವ ಗಾಣದಂಗಡಿಗಳಿರುತ್ತವೆ. ಒಮ್ಮೆ ಅಲ್ಲಿ ಒಂದು ಚಿಕ್ಕ ಬಾಟಲಿ ತಂದು ನೋಡಿ, ಆಮೇಲೆ ಸೂಪರ್ ಮಾರ್ಕೆಟ್ಟಿನದು ಸಪ್ಪೆ ಅನಿಸುತ್ತದೆ.

ಇನ್ನು ಮೊಟ್ಟೆ. ಮೂವತ್ತರ ಟ್ರೇ ತೆಗೆದುಕೊಳ್ಳುವುದು ಇಲ್ಲಿ ಸಾಮಾನ್ಯ. ಪ್ರತಿ ಮೊಟ್ಟೆಯ ಸಿಪ್ಪೆಯ ಮೇಲೆ ಹತ್ತು ಅಕ್ಷರ ಅಂಕಿಗಳ ಒಂದು ಸಾಲು ಅಚ್ಚಾಗಿರುತ್ತದೆ. ಅದನ್ನು ಓದಲು ಕಲಿಯಿರಿ. ಮೊದಲ ನಾಲ್ಕು ಅಂಕಿ ಕೋಳಿ ಮೊಟ್ಟೆ ಇಟ್ಟ ತಿಂಗಳು ಮತ್ತು ತಾರೀಖು: 0412 ಎಂದಿದ್ದರೆ ಏಪ್ರಿಲ್ 12. ನಡುವಿನ ಐದು ಫಾರ್ಮಿನ ಗುರುತು. ಕೊನೆಯ ಒಂದು ಅಂಕಿ ಕೋಳಿ ಹೇಗೆ ಬೆಳೆಯಿತು ಎಂದು ಹೇಳುತ್ತದೆ. 1 ಎಂದರೆ ಹೊರಗೆ ಓಡಾಡಿಕೊಂಡು, 2 ಎಂದರೆ ಪಂಜರವಿಲ್ಲದೆ ಶೆಡ್ಡಿನೊಳಗೆ, 3 ಎಂದರೆ ಸ್ವಲ್ಪ ಅಗಲದ ಪಂಜರ, 4 ಎಂದರೆ ಇಕ್ಕಟ್ಟಿನ ಪಂಜರ. ಮೊಟ್ಟೆ ಇಟ್ಟ ದಿನವನ್ನು ಹೀಗೆ ಅಚ್ಚು ಹಾಕುವ ನಿಯಮ 2019ರಲ್ಲಿ ಬಂತು. ಹಳದಿ ಅರೆಬೆಂದಿರುವ ಊಟ ಮಾಡುವಾಗ ದಿನಾಂಕ ನೋಡಿ ಕೊಳ್ಳುವುದು ಒಳ್ಳೆಯದು ಅಲ್ವಾ? ಕೆಲವರು ಹಸಿ ಹಳದಿಯನ್ನೇ ಅನ್ನದ ಮೇಲೆ ಇಟ್ಟು ಕಲಸುತ್ತಾರೆ. ಬಸುರಿಯರಿಗೆ, ಪುಟ್ಟ ಮಕ್ಕಳಿಗೆ ಹಾಗೆ ಕೊಡಬೇಡಿ, ಅವರಿಗೆ ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ.

ಈಗ ಮಾಡುವ ಬಗೆ. ಒಬ್ಬರಿಗೆ ಎರಡು ಮೊಟ್ಟೆ. ಅಗಲದ ಬಟ್ಟಲಿಗೆ ಬಿಸಿ ಅನ್ನ ಹಾಕಿಟ್ಟುಕೊಳ್ಳಿ, ಅನ್ನ ತಣ್ಣಗಿದ್ದರೆ ಯಾವುದೂ ಹೊಂದುವುದಿಲ್ಲ. ಬಾಣಲೆಗೆ ಎರಡು ಚಮಚ ಮಾಮೂಲಿ ಅಡುಗೆ ಎಣ್ಣೆ ಹಾಕಿ. ಡೇಪಾ ಎಂಬ ಉದ್ದ ದಪ್ಪ ಈರುಳ್ಳಿ ಕಟ್ಟು ಸಿಗುತ್ತದೆ, ಅದರ ಬಿಳಿ ಭಾಗವನ್ನು ಸಣ್ಣಗೆ ಹೆಚ್ಚಿ ಮೊದಲು ಎಣ್ಣೆಯಲ್ಲಿ ಬಾಡಿಸಿ. ಕಡ್ಡಾಯವೇನಲ್ಲ, ಆದರೆ ನಾನು ಬಿಡುವುದಿಲ್ಲ. ಎಣ್ಣೆಗೆ ಈರುಳ್ಳಿಯ ಘಮ ಇಳಿದರೆ ಇಡೀ ಊಟದ ರುಚಿಯೇ ಬದಲಾಗುತ್ತದೆ. ಅದರ ಮೇಲೆ ಮೊಟ್ಟೆ ಒಡೆದು ಹಾಕಿ. ಅಂಚು ಕಂದಾಗಿ ಗರಿಗರಿ ಆಗಬೇಕು, ಹಳದಿ ಅಲುಗಾಡಬೇಕು.

ಬಿಳಿ ಭಾಗ ಪೂರ್ತಿ ಗಟ್ಟಿಯಾದಾಗ ಒಂದು ಊಟದ ಚಮಚದಷ್ಟು ಗಾನ್‌ಜಾಂಗ್ ಅನ್ನು ಮೊಟ್ಟೆಯ ಮೇಲಲ್ಲ, ಬಾಣಲೆಯ ಖಾಲಿ ಜಾಗದ ಮೇಲೆ ಸುರಿಯಿರಿ. ಚುಂಯ್ ಎಂದು ಕುದಿದು ನೊರೆ ಬರುತ್ತದೆ. ಐದು ಎಣಿಸುವಷ್ಟರಲ್ಲಿ ಒಲೆ ಆರಿಸಿ. ಆ ಕೆಲವು ಕ್ಷಣದ ಶಾಖದಲ್ಲಿ ಸಾಸ್‌ನ ಹಸಿತನ ಹೋಗಿ ಸುಟ್ಟ ಸಕ್ಕರೆಯ ಹಾಗೆ ಒಂದು ಪರಿಮಳ ಬರುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಸೀದುಹೋಗುತ್ತದೆ. ಮೊಟ್ಟೆಯನ್ನು ಎಣ್ಣೆ ಸಾಸ್ ಸಮೇತ ಅನ್ನದ ಮೇಲೆ ಜಾರಿಸಿ, ಅರ್ಧ ಚಮಚ ಎಳ್ಳೆಣ್ಣೆ, ಹುರಿದ ಎಳ್ಳು, ಮೇಲೆ ಗಿಮ್. ಗಿಮ್ ಎಂದರೆ ಸಮುದ್ರದ ಪಾಚಿಯ ತೆಳು ಹಾಳೆ. ಎಣ್ಣೆ ಉಪ್ಪು ಸವರಿ ಸುಟ್ಟ ಚಿಕ್ಕ ಪೊಟ್ಟಣ ಸಿಗುತ್ತದೆ, ಕೈಯಲ್ಲಿ ಪುಡಿಮಾಡಿ ಹಾಕಿಕೊಳ್ಳಿ. ಗಿಮ್‌ನಲ್ಲೂ ಉಪ್ಪಿರುವುದರಿಂದ ಮೊದಲ ಸಲ ಸಾಸ್ ಮುಕ್ಕಾಲು ಚಮಚಕ್ಕೇ ನಿಲ್ಲಿಸಿ. ಹಳದಿ ಒಡೆದು ಅಡಿಯಿಂದ ಮೇಲೆ ಕಲಸಿ, ಚಮಚದಲ್ಲಿ ತಿನ್ನಿ. ಇಲ್ಲಿ ಅನ್ನಕ್ಕೆ ಚಮಚ, ಪಲ್ಯಕ್ಕೆ ಕಡ್ಡಿ. ಚಮಚವನ್ನಾಗಲಿ ಕಡ್ಡಿಯನ್ನಾಗಲಿ ಅನ್ನದಲ್ಲಿ ನೆಟ್ಟಗೆ ಚುಚ್ಚಿ ಇಡಬೇಡಿ, ಹಿರಿಯರಿಗೆ ಎಡೆ ಇಡುವಾಗ ಮಾತ್ರ ಇಲ್ಲಿ ಹಾಗೆ ಮಾಡುವುದು.

ಬೆಣ್ಣೆ ಹಾಕುವುದಾದರೆ ಬಿಸಿ ಅನ್ನದ ಮಧ್ಯದಲ್ಲಿ ಒಂದು ತುಂಡು ಹುದುಗಿಸಿ, ಆಗ ಎಳ್ಳೆಣ್ಣೆ ಬೇಡ. ಎರಡೂ ಸೇರಿದರೆ ಜಿಡ್ಡು ಜಾಸ್ತಿ, ಒಂದರ ಘಮವನ್ನು ಇನ್ನೊಂದು ನುಂಗುತ್ತದೆ. ಖಾರ ಬೇಕೆನ್ನುವವರು ಇಲ್ಲಿನ ಕೆಂಪು ಮೆಣಸಿನ ಪುಡಿ ಹಾಕಿ ನಿರಾಶರಾಗುತ್ತಾರೆ. ಅದರಲ್ಲಿ ಬಣ್ಣವೇ ಹೆಚ್ಚು. ಚಾಂಗ್ಯಾಂಗ್ ಗೋಚು ಎಂಬ ಸಣ್ಣ ಹಸಿಮೆಣಸಿನಕಾಯಿ ಕೇಳಿ ತನ್ನಿ, ಅದು ನಮ್ಮ ನಾಲಿಗೆಗೆ ಒಪ್ಪುವ ಖಾರ. ಸಣ್ಣಗೆ ಹೆಚ್ಚಿ ಈರುಳ್ಳಿ ಜೊತೆಗೇ ಬಾಡಿಸಿ. ಊರಿಂದ ತಂದ ಚಟ್ನಿಪುಡಿ, ಉಪ್ಪಿನಕಾಯಿ ಇದ್ದರೆ ಹಾಕಿಕೊಳ್ಳಲು ಅಡ್ಡಿಯಿಲ್ಲ. ಆದರೆ ಮೊದಲ ಸಲ ಏನೂ ಸೇರಿಸದೆ ತಿನ್ನಿ. ಇಲ್ಲಿನ ಅನ್ನದ ಸಿಹಿ, ಸಾಸ್‌ನ ರುಚಿ ಒಮ್ಮೆ ನಾಲಿಗೆಗೆ ಹತ್ತಿದರೆ ಉಳಿದ ಕೊರಿಯನ್ ಅಡುಗೆಗೂ ದಾರಿ ಸುಲಭ.

ಮೊಟ್ಟೆ ತಿನ್ನುತ್ತೇವೆ, ಮಾಂಸ ಮೀನು ಇಲ್ಲ ಎನ್ನುವವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಅನ್ನ, ಮೊಟ್ಟೆ, ಯಾಂಗ್‌ಜೋ ಗಾನ್‌ಜಾಂಗ್, ಎಳ್ಳೆಣ್ಣೆ, ಗಿಮ್ ಇವಿಷ್ಟರಲ್ಲಿ ನಿಮಗೆ ತೊಂದರೆಯಿಲ್ಲ. ಪಕ್ಕದಲ್ಲಿ ನೆಂಚಿಕೊಳ್ಳುವುದರಲ್ಲಿ ಇದೆ. ಮಾಮೂಲಿ ಕಿಮ್ಚಿಯಲ್ಲಿ ಉಪ್ಪು ಹಾಕಿ ಹುದುಗಿಸಿದ ಸೀಗಡಿ ಅಥವಾ ಮೀನಿನ ರಸ ಇರುತ್ತದೆ. ಅವುಗಳಿಲ್ಲದ್ದನ್ನು ಬಿಗಾನ್, ಅಂದರೆ ವೀಗನ್, ಎಂದು ಬರೆದು ಮಾರುತ್ತಾರೆ. ಹುರಿದ ಗೋಚುಜಾಂಗ್ ಎಂದು ಮಾರುವ ಮೆಣಸಿನ ಗೊಜ್ಜಿನಲ್ಲಿ ಎಷ್ಟೋ ಸಲ ದನದ ಮಾಂಸ ಇರುತ್ತದೆ. ರುಚಿ ಸೇರಿಸಿದ ಸಾಸ್‌ಗಳಲ್ಲಿ ನೆತ್ತಲಿ ಮೀನಿನ ಸಾರ ಇರಬಹುದು. ಮೊಬೈಲ್ ಕ್ಯಾಮೆರಾದಲ್ಲಿ ಅನುವಾದ ಮಾಡಿಕೊಂಡು ಓದುವಾಗ ಅಲರ್ಜಿಯ ಚೌಕ ಮಾತ್ರ ನೋಡಿ ಸುಮ್ನೆ ಆಗಬೇಡಿ. ಆ ಪಟ್ಟಿಯಲ್ಲಿ ದನ, ಹಂದಿ, ಕೋಳಿ, ಸೀಗಡಿ ಬರುತ್ತವೆ, ಮೀನುಗಳಲ್ಲಿ ಬಂಗುಡೆ ಒಂದೇ ಬರುತ್ತದೆ. ನೆತ್ತಲಿ ಅದರಲ್ಲಿ ಕಾಣುವುದಿಲ್ಲ, ಪದಾರ್ಥಗಳ ಪೂರ್ತಿ ಸಾಲನ್ನೇ ಓದಬೇಕು. ಸೋಗೋಗಿ ದನದ ಮಾಂಸ, ದ್ವೇಜಿಗೋಗಿ ಹಂದಿ, ಮ್ಯಲ್ಚಿ ನೆತ್ತಲಿ, ಸೇವು ಸೀಗಡಿ. ಈ ನಾಲ್ಕರ ಅಕ್ಷರರೂಪವನ್ನು ಕಣ್ಣಿಗೆ ಅಭ್ಯಾಸ ಮಾಡಿಕೊಂಡರೆ ಅಂಗಡಿಯಲ್ಲಿ ಅರ್ಧ ಚಿಂತೆ ಕಳೆಯುತ್ತದೆ. ಮೊಟ್ಟೆಯೂ ಬೇಡ ಎನ್ನುವವರು ದುಬು, ಅಂದರೆ ತೋಫು, ತಂದು ಒರೆಸಿ, ಎರಡೂ ಬದಿ ಕೆಂಪಗೆ ಹುರಿದು ಇದೇ ಕ್ರಮದಲ್ಲಿ ಸಾಸ್ ಹಾಕಿ. ತುಂಬಾ ಚೆನ್ನಾಗಿರುತ್ತದೆ.

ಬಾಡಿಗೆ ರೂಮಿನ ಒಲೆ ಎಂಥದ್ದು ಎಂದು ಬಂದ ದಿನವೇ ನೋಡಿಕೊಳ್ಳಿ. ಇಂಡಕ್ಷನ್ ಆಗಿದ್ದರೆ ಊರಿಂದ ಹೊತ್ತು ತಂದ ಅಲ್ಯೂಮಿನಿಯಂ ಬಾಣಲೆ, ಕುಕ್ಕರ್ ಬಿಸಿಯಾಗುವುದೇ ಇಲ್ಲ. ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಕೆಲಸ ಮಾಡುತ್ತದೆ. ಚಿಕ್ಕ ರೂಮಿನಲ್ಲಿ ಎಣ್ಣೆ ಕಾಯಿಸುವ ಮೊದಲು ಮೇಲಿನ ಹೊಗೆ ಫ್ಯಾನ್ ಹಾಕಿ.

ಊಟ ಆದ ಮೇಲೆ ಕಸ. ಉಳಿದ ಅನ್ನ ಆಹಾರ ಕಸಕ್ಕೆ ಹೋಗಬೇಕು. ಮೊಟ್ಟೆಯ ಸಿಪ್ಪೆ ಮತ್ತು ಈರುಳ್ಳಿಯ ಒಣ ಸಿಪ್ಪೆ ಅದಕ್ಕೆ ಹೋಗಬಾರದು. ಆಹಾರ ಕಸದಿಂದ ಇಲ್ಲಿ ಪ್ರಾಣಿಗಳ ಮೇವು, ಗೊಬ್ಬರ ಮಾಡುತ್ತಾರೆ, ಇವು ಅದಕ್ಕೆ ಬರುವುದಿಲ್ಲ. ಅವು ದುಡ್ಡು ಕೊಟ್ಟು ಕೊಳ್ಳುವ ಜೋಂಗ್ನ್ಯಾಂಗ್‌ಜೆ ಎಂಬ ಮಾಮೂಲಿ ಕಸದ ಚೀಲಕ್ಕೆ ಹೋಗಬೇಕು. 1995ರಿಂದ ಇಡೀ ದೇಶದಲ್ಲಿ ಈ ಪದ್ಧತಿ ಇದೆ. ಚೀಲ ಬೀದಿ ಬದಿಯ ಕನ್ವೀನಿಯೆನ್ಸ್ ಸ್ಟೋರ್‌ನಲ್ಲೇ ಸಿಗುತ್ತದೆ, ಮೇಲೆ ಆ ಊರಿನ ಅಥವಾ ವಾರ್ಡಿನ ಹೆಸರು ಅಚ್ಚಾಗಿರುತ್ತದೆ. ಆಫೀಸ್ ಪಕ್ಕದಲ್ಲಿ ಕೊಳ್ಳುವ ಬದಲು ನಿಮ್ಮ ಮನೆಯ ಹತ್ತಿರದ ಅಂಗಡಿಯಲ್ಲೇ ಕೊಳ್ಳಿ.