ಕನ್ನಡದಲ್ಲಿ ಟೈಪ್ ಮಾಡುವವರ ಕೈಗೂ ಒಗ್ಗುವ ಕೀಬೋರ್ಡ್ ಕೋಡ್

ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ನಮ್ಮ ದೊಡ್ಡಪ್ಪನದು ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಅದರ ಬಿಲ್ಲಿಗೆ ನಾನೇ ಒಂದು ವೆಬ್ ಪುಟ ಮಾಡಿಕೊಟ್ಟೆ. ರೈತರ ಹೆಸರಿನ ಮೊದಲೆರಡು ಅಕ್ಷರ ಹೊಡೆದರೆ ಪಟ್ಟಿ ಇಳಿಯಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಇಳಿಯುತ್ತಿತ್ತು. ಕಾಟಾ ಹತ್ತಿರ ನಿಂತ ಹುಡುಗ ಫೋನಿನಲ್ಲಿ ಹೊಡೆದರೆ ಮಾತ್ರ, 'ಅಣ್ಣಾ, ಏನೂ ಬರ್ತಿಲ್ಲ' ಅಂದ. ಹಿಂದೆ ಲೋಡು ಸಾಲುಗಟ್ಟಿತ್ತು.

ತಪ್ಪು ನನ್ನದೇ. ಅಕ್ಷರವನ್ನು ನಾನು ಕೀಡೌನ್‌ನಲ್ಲಿ, ಅಂದರೆ ಗುಂಡಿ ಒತ್ತಿದ ಕ್ಷಣ ಬ್ರೌಸರ್ ಕಳಿಸುವ ಸುದ್ದಿಯಲ್ಲಿ (ಈವೆಂಟ್), ಹಿಡಿಯುತ್ತಿದ್ದೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಜಿಬೋರ್ಡ್ (ಗೂಗಲ್ ಕೀಬೋರ್ಡ್) ಬಳಸಿದರೆ ಬಹುತೇಕ ಅಕ್ಷರಗಳಿಗೆ ಕೀಕೋಡ್, ಅಂದರೆ ಗುಂಡಿಯನ್ನು ಗುರುತಿಸುವ ಹಳೆಯ ಸಂಖ್ಯೆ, 229 ಅಂತಲೇ ಬರುತ್ತದೆ, ಕೀ ಎಂಬಲ್ಲಿ 'ಅನ್‌ಐಡೆಂಟಿಫೈಡ್' (ಗುರುತು ಸಿಕ್ಕಿಲ್ಲ). ಒತ್ತಿದ್ದು ಯಾವ ಅಕ್ಷರ ಅಂತ ಅಲ್ಲಿ ಗೊತ್ತೇ ಆಗುವುದಿಲ್ಲ. ಹಾಗಾಗಿ ಬರಹ ಬೇಕಿದ್ದರೆ ಖಾನೆಯ ಬರಹ ಬದಲಾದಾಗ ಬರುವ ಇನ್‌ಪುಟ್ ಈವೆಂಟ್ ಕೇಳಿಸಿಕೊಳ್ಳಿ, ಖಾನೆಯ ವ್ಯಾಲ್ಯೂ (ಅದರಲ್ಲಿರುವ ಬರಹ) ಓದಿ. ಪೇಸ್ಟ್ ಮಾಡಿದ್ದು, ಬಾಯಲ್ಲಿ ಹೇಳಿ ಬರೆಸಿದ್ದು ಎಲ್ಲವೂ ಅದರಲ್ಲೇ ಸಿಗುತ್ತದೆ. ಹೋಲಿಸುವ ಮೊದಲು ಎರಡೂ ಕಡೆಯ ಹೆಸರನ್ನು ಎನ್‌ಎಫ್‌ಸಿಗೆ (ಯೂನಿಕೋಡ್‌ನ ಕೂಡಿಸಿದ ರೂಪಕ್ಕೆ) ನಾರ್ಮಲೈಸ್ ಮಾಡಿ. 'ೋ' ಒಂದೇ ಸಂಕೇತವಾಗಿಯೂ ಬರಬಹುದು, ಮೂರು ತುಂಡಾಗಿಯೂ ಬರಬಹುದು. ಕಣ್ಣಿಗೆ ಒಂದೇ, ಕೋಡಿಗೆ ಬೇರೆ.

ಎಂಟರ್, ಎಸ್ಕೇಪ್, ಬಾಣದ ಕೀಲಿಗಳಿಗೆ ಕೀಡೌನ್ ಸರಿ, ಆದರೆ ಗುಂಡಿಯಿಂದ ಬಂದ ಅಕ್ಷರ ಅಥವಾ ಅದರ ಹೆಸರು ಹೇಳುವ ಈವೆಂಟ್.ಕೀ ನೋಡಿ. ಕೀಕೋಡ್ ನಂಬಿದರೆ ಸೆಮಿಕೋಲನ್ ಫೈರ್‌ಫಾಕ್ಸ್‌ನಲ್ಲಿ 59, ಕ್ರೋಮ್‌ನಲ್ಲಿ 186. ಕೀಪ್ರೆಸ್ ಎಂಬ ಹಳೆಯ ಈವೆಂಟ್ ಬಳಕೆಯಿಂದ ಹೊರಬಿದ್ದಿದೆ, ಹೊಸ ಕೋಡಿಗೆ ಬೇಡ.

ಶಾರ್ಟ್‌ಕಟ್ ವಿಷಯ ಬೇರೆ. ಖಾತೆ ತೆರೆಯಲು ಕೆ ಒತ್ತಿ ಅಂತ ಇಟ್ಟಿದ್ದೆ. ಗುಮಾಸ್ತರದು ಇನ್‌ಸ್ಕ್ರಿಪ್ಟ್ ಕೀಬೋರ್ಡ್ (ಭಾರತೀಯ ಲಿಪಿಗಳ ಪ್ರಮಾಣಿತ ವಿನ್ಯಾಸ), ಅದೇ ಗುಂಡಿಗೆ ಅವರಲ್ಲಿ 'ಕ' ಬರುತ್ತದೆ. ಇಂಗ್ಲಿಷ್ ಕೆಗೆ ಕಾಯುತ್ತಿದ್ದ ಪುಟ ಸುಮ್ಮನೆ ಕೂತಿತ್ತು. ಈವೆಂಟ್.ಕೋಡ್ ಮಾತ್ರ ಇಬ್ಬರಲ್ಲೂ 'ಕೀಕೆ' ಅಂತಲೇ ಹೇಳುತ್ತದೆ, ಯಾಕಂದರೆ ಅದು ಗುಂಡಿ ಇರುವ ಜಾಗದ ಹೆಸರು. ಇಂಥ ಶಾರ್ಟ್‌ಕಟ್‌ಗೆ ಅದನ್ನೇ ಬಳಸಿ, ಕರ್ಸರ್ ಖಾನೆಯೊಳಗಿದ್ದರೆ ಬಿಟ್ಟುಬಿಡಿ.

ಇನ್ನು ಎಂಟರ್. ಲಿಪ್ಯಂತರದಲ್ಲಿ, ಅಂದರೆ ಇಂಗ್ಲಿಷ್ ಅಕ್ಷರ ಹೊಡೆದು ಕನ್ನಡ ಬರೆಯುವವರು, ಸೂಚನೆಯ ಪದ ಒಪ್ಪಲು ಎಂಟರ್ ಒತ್ತುತ್ತಾರೆ. ಅದಕ್ಕೇ ನಿಮ್ಮ ಬಿಲ್ಲು ಸೇವ್ ಆಗಿಬಿಟ್ಟರೆ ಅರ್ಧ ಹೆಸರಿನ ಬಿಲ್ಲು. ಪದ ಇನ್ನೂ ಕೂಡಿಕೊಳ್ಳುತ್ತಿದೆ (ಕಂಪೋಸಿಷನ್) ಎಂದು ಹೇಳುವ ಈಸ್‌ಕಂಪೋಸಿಂಗ್ ನಿಜವಿದ್ದರೆ ಕೆಲಸ ಮಾಡದೆ ಹಿಂದಿರುಗಿ. ಸಫಾರಿಯಲ್ಲಿ ಕಂಪೋಸಿಷನ್ ಮುಗಿದ ಮೇಲೆ ಈ ಕೀಡೌನ್ ಬರುವುದರಿಂದ ಅಲ್ಲಿ ಸುಳ್ಳು ಅಂತ ಸಿಗುತ್ತದೆ. ಅದಕ್ಕೆ ಕೀಕೋಡ್ 229 ಕೂಡ ನೋಡಿ. ಆ ಹಳೆಯ ಸಂಖ್ಯೆಯನ್ನು ನಾನು ಈಗಲೂ ಬಳಸುವ ಜಾಗ ಇದೊಂದೇ.

ತೂಕದ ಖಾನೆಗೆ ನಂಬರ್ ಟೈಪ್ ಬೇಡ. ಸಾದಾ ಟೆಕ್ಸ್ಟ್ ಇಡಿ, ಫೋನಿನಲ್ಲಿ ಅಂಕಿಗಳ ಕೀಬೋರ್ಡ್ ಬರಲು ಇನ್‌ಪುಟ್‌ಮೋಡ್ ಡೆಸಿಮಲ್ ಇಡಿ. ಯಾರಾದರೂ ೫೦ ಅಂತ ಹೊಡೆದರೆ 50 ಮಾಡಿಕೊಳ್ಳಿ.

ಈಗ ನನ್ನ ಹತ್ತಿರ ಒಂದು ಖಾಲಿ ಪುಟ ಇದೆ. ಒತ್ತಿದ ಪ್ರತಿ ಗುಂಡಿಯ ಕೀ, ಕೋಡ್, ಈಸ್‌ಕಂಪೋಸಿಂಗ್ ಅದರಲ್ಲಿ ಸಾಲಾಗಿ ಮೂಡುತ್ತವೆ. ಏನೇ ಬದಲಿಸಿದರೂ ಮೊದಲು ಕಾಟಾ ಹುಡುಗನ ಫೋನಿನಲ್ಲಿ 'ಸಿದ್ದೇಶಪ್ಪ' ಅಂತ ಹೊಡೆಸಿ ನೋಡುತ್ತೇನೆ, ಆಮೇಲೆ ಗುಮಾಸ್ತರ ಫೈರ್‌ಫಾಕ್ಸ್, ನನ್ನ ಲ್ಯಾಪ್‌ಟಾಪ್ ಕೊನೆಗೆ.